ನಲವತ್ತೊಂದು ಚೌಕಗಳ ಬೇಬಿಯಕ್ಕ

ಮಣಿಪಾಲದಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಕೊಟ್ಟು ಪಾಸಾದ ಎಷ್ಟೋ ಇಂಜಿನಿಯರುಗಳಿಗೆ ಬೇಬಿಯಕ್ಕ ಯಾರೆಂದೇ ಗೊತ್ತಿಲ್ಲ. ಆದರೆ ಆ ರಿಪೋರ್ಟಿನಲ್ಲಿ ಮಾರ್ಕು ತಂದುಕೊಟ್ಟ ಪುಟ ಯಾವುದೆಂದು ಕೇಳಿ ನೋಡಿ, ಅದು ಬೇಬಿಯಕ್ಕ ಬರೆದ ಚಿತ್ರದ ಪುಟವೇ ಆಗಿರುತ್ತದೆ! ಬಾಣ ಎಲ್ಲಿ ಹೊರಟು ಎಲ್ಲಿ ಮುಟ್ಟಬೇಕೋ ಅಲ್ಲೇ ಮುಟ್ಟಿರುತ್ತದೆ, ಒಂದು ಗೆರೆ ಇನ್ನೊಂದನ್ನು ದಾಟುವಲ್ಲಿ ಸಣ್ಣ ಕಮಾನು ಹಾರಿರುತ್ತದೆ, ಒಂದು ಅಕ್ಷರವೂ ಚೌಕದ ಗೋಡೆಗೆ ತಾಗಿರುವುದಿಲ್ಲ. ಮೊದಲ ಸಲ ನೋಡಿದಾಗ ನನಗಂತೂ ಇದನ್ನು ಮನುಷ್ಯರು ಮಾಡಿದ್ದಾ ಅನ್ನಿಸಿತ್ತು. ಇಂಗ್ಲಿಷಿನಲ್ಲಿ ಬರೆದರೆ ಬೇಬಿಯಕ್ಕ ಓದುವುದಿಲ್ಲ, ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರು ಉಚ್ಚಿಲದವರು, ಐವತ್ತಾರರ ಹುಟ್ಟು. ಶಾಲೆಯ ದಾಖಲೆಯಲ್ಲೂ ಬೇಬಿ ಎಂದೇ ಹೆಸರು. "ಸರಿಯಾದ ಹೆಸರು ಇಡ್ಲಿಕ್ಕೆ ಯಾರಿಗೂ ಪುರುಸೊತ್ತು ಇರಲಿಲ್ಲ ಮಾರಾಯ" ಎನ್ನುತ್ತಿದ್ದರು. ಐಟಿಐಯಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿ, ಉಡುಪಿಯ ಒಬ್ಬ ಇಂಜಿನಿಯರರ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಟ್ರೇಸರ್ ಆಗಿದ್ದರು. ಬೇರೆಯವರು ಪೆನ್ಸಿಲಿನಲ್ಲಿ ಬರೆದ ಮನೆಯ ನಕ್ಷೆಯ ಮೇಲೆ ತೆಳು ಕಾಗದ ಇಟ್ಟು ಶಾಯಿಯಲ್ಲಿ ತಿದ್ದುವ ಕೆಲಸ ಅದು. ಶಾಯಿ ಒಂದು ಕೂದಲಿನಷ್ಟು ಆಚೆ ಹೋದರೆ ಬ್ಲೇಡಿನ ಮೂಲೆಯಿಂದ ಕೆರೆದು ತೆಗೆಯಬೇಕು, ಕಾಗದ ತೂತಾಗಬಾರದು! ತೊಂಬತ್ತೆಂಟರಲ್ಲಿ ಆಫೀಸಿಗೆ ಕಂಪ್ಯೂಟರ್ ಬಂತು, ಅದರ ಜೊತೆ ಇಬ್ಬರು ಹುಡುಗರು ಬಂದರು, ಬೇಬಿಯಕ್ಕನಿಗೆ "ನೀವು ಫೈಲ್ ನೋಡಿಕೊಳ್ಳಿ ಅಕ್ಕ" ಎಂದರು. ಒಂದು ವರ್ಷ ಫೈಲ್ ನೋಡಿ, ಬಿಟ್ಟು ಬಂದರು.

ಆಮೇಲೆ ಮಣಿಪಾಲದಲ್ಲಿ ಆಲ್ಫೋನ್ಸ್ ಅವರ ಅಂಗಡಿ ಸೇರಿದರು. ಮುಂದುಗಡೆ ಝೆರಾಕ್ಸ್ ಮತ್ತು ಸ್ಪೈರಲ್ ಬೈಂಡಿಂಗ್, ಒಳಗೆ ಒಂದು ಕಂಪ್ಯೂಟರ್, ಅದರಲ್ಲಿ ಡಯಗ್ರಾಮ್ ಬರೆಯುವ ಸಾಫ್ಟ್‌ವೇರ್. ಅದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಅದರ ಹೆಲ್ಪ್ ಪುಟಗಳನ್ನೆಲ್ಲ ಪ್ರಿಂಟ್ ತೆಗೆದು, ಉಚ್ಚಿಲದಿಂದ ಬರುವ ಬಸ್ಸಿನಲ್ಲಿ ಕೂತು, ತಿಳಿಯದ ಶಬ್ದಕ್ಕೆ ಅಡಿಗೆರೆ ಹಾಕಿ, ಆಗ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮಂಥ ಹುಡುಗರ ಹತ್ತಿರ ಅರ್ಥ ಕೇಳಿ ಕಲಿತರು. ಚಿತ್ರ ಮುಗಿದ ಮೇಲೆ ಮಾನಿಟರಿನ ಗಾಜಿಗೇ ಮರದ ಸ್ಕೇಲು ಇಟ್ಟು ಗೆರೆ ನೇರ ಉಂಟಾ ನೋಡುತ್ತಿದ್ದರು, ನಾವು ಹಿಂದೆ ನಿಂತು ನಗುತ್ತಿದ್ದೆವು, ಅವರೂ ನಗುತ್ತಿದ್ದರು.

ಎರಡು ಸಾವಿರದ ಮೂರರ ಮಾರ್ಚಿನಲ್ಲಿ ಅವರ ಸ್ಕ್ರೀನಿನ ಮೇಲೆ ಒಂದು ದೊಡ್ಡ ವಂಶವೃಕ್ಷ ಬಂತು.

ಅದು ಹಿರಿಯಡ್ಕದ ಒಂದು ಕುಟುಂಬದ್ದು. ಹಳೆಯ ಮನೆ ಕೆಡವಿ ಹೊಸತು ಕಟ್ಟಿದ್ದರು, ಪ್ರವೇಶದ ದಿನ ಬಂದವರಿಗೆಲ್ಲ ಕೊಡಲು ಒಂದು ಪುಸ್ತಕ ಅಚ್ಚು ಹಾಕಿಸುತ್ತಿದ್ದರು, ಅದರ ನಡುವೆ ಮಡಚಿ ಇಡುವ ಒಂದು ದೊಡ್ಡ ಹಾಳೆಯಲ್ಲಿ ಆರು ತಲೆಮಾರಿನ ಹೆಸರುಗಳು. ಅದೇ ಹಾಳೆ ಹೊಸ ಮನೆಯ ಚಾವಡಿಯ ಗೋಡೆಯಲ್ಲೂ ಫ್ರೇಮಾಗಿ ಕೂರಲಿಕ್ಕಿತ್ತು. ನಾನು ಕಾಪುವಿನ ಕ್ರಿಶ್ಚನ್ ಮನೆಯವನು, ನಮ್ಮಲ್ಲಿ ಅಪ್ಪನ ಕಡೆಯಿಂದ ಹೆಸರು ಇಳಿಯುತ್ತದೆ. ಈ ಹಾಳೆಯಲ್ಲಿ ನೋಡಿದರೆ ಎಲ್ಲ ಗೆರೆಗಳೂ ಹೆಂಗಸರ ಚೌಕದಿಂದಲೇ ಕೆಳಗೆ ಇಳಿಯುತ್ತಿದ್ದವು, ಗಂಡಸರ ಚೌಕದ ಕೆಳಗೆ ಖಾಲಿ!

"ಇವರಿಗೆಲ್ಲ ಮಕ್ಕಳೇ ಇಲ್ವಾ ಬೇಬಿಯಕ್ಕ?"

"ಉಂಟು ಮಾರಾಯ, ಅವು ಅವರ ಹೆಂಡತಿಯ ಕುಟುಂಬದ ಲೆಕ್ಕ. ನಮ್ಮಲ್ಲಿ ಗಂಡಸು ಅಂದ್ರೆ ಎಲೆ, ಕವಲೊಡೆಯುವ ಗೆಲ್ಲು ಅಲ್ಲ."

ನಮ್ಮಲ್ಲಿ ಎಂದರು. ಆಗ ನಾನು ಸರಿಯಾಗಿ ನೋಡಿದೆ. ಹಾಳೆಯ ಬಲಗಡೆ, ದೂಮಕ್ಕ ಎಂಬ ಚೌಕದ ಕೆಳಗೆ ಬೇಬಿಯಕ್ಕನ ಅಮ್ಮನ ಹೆಸರಿತ್ತು, ಅದರ ಕೆಳಗೆ ಬೇಬಿ ಎಂದೂ ಇತ್ತು.

ದೂಮಕ್ಕ ಬೇಬಿಯಕ್ಕನ ಅಜ್ಜಿ. ಹಿರಿಯಡ್ಕದ ಆ ಮನೆಯಲ್ಲೇ ಹುಟ್ಟಿದವರು, ಹೆಜಮಾಡಿಯ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದ ಬೇರೆ ಜಾತಿಯವನ ಜೊತೆ ಹೋದರು. ಮನೆಯವರು ಬಾಗಿಲು ಹಾಕಿದರು. ಹೆತ್ತ ತಾಯಿ ಸತ್ತಳೆಂದು ಕೇಳಿ, ಕೈಗೂಸನ್ನು ಸೊಂಟದಲ್ಲಿಟ್ಟುಕೊಂಡು ಅಷ್ಟು ದೂರ ನಡೆದು ಬಂದರೆ ಅಂಗಳಕ್ಕೂ ಬಿಡಲಿಲ್ಲವಂತೆ, ಗದ್ದೆಯ ಬದುವಿನಲ್ಲಿ ನಿಂತು ಚಿತೆಯ ಹೊಗೆ ನೋಡಿ ವಾಪಸ್ಸು ಹೋದರಂತೆ. ಆ ಕೈಗೂಸು ಬೇಬಿಯಕ್ಕನ ಅಮ್ಮ. ಆಗ ಎಪ್ಪತ್ತೈದು ದಾಟಿದ್ದ ಅವರು ಅಲ್ಲಿಯವರೆಗೆ ಒಂದು ಸಲವೂ ಆ ಮನೆಯ ಮೆಟ್ಟಿಲು ಹತ್ತಿದವರಲ್ಲ.

ಮತ್ತೆ ಈಗ ಹೇಗೆ ಸೇರಿಸಿದರು? ಮನೆ ಕಟ್ಟುವ ಮೊದಲು ಜೋಯಿಸರನ್ನು ಕೂರಿಸಿ, ಕವಡೆ ಹಾಕಿ ಪ್ರಶ್ನೆ ಇಟ್ಟು ನೋಡಿದ್ದರು. ಅದರಲ್ಲಿ ಒಬ್ಬ ಹೆಣ್ಣಿನ ಕಣ್ಣೀರು ಕುಟುಂಬದ ಮೇಲೆ ಉಂಟು, ಅವಳ ಸಂತಾನವನ್ನು ಸೇರಿಸಿಕೊಳ್ಳದೆ ಮನೆ ಒಳ್ಳೆಯದಾಗುವುದಿಲ್ಲ ಎಂದು ಕಂಡಿತು. ಹುಡುಕಿಕೊಂಡು ಉಚ್ಚಿಲಕ್ಕೆ ಬಂದರು. ಬಂದವರು ಮನೆ ಕಟ್ಟುವ ಕಮಿಟಿಯ ಕಾರ್ಯದರ್ಶಿ ಶೇಖರ, ಬ್ಯಾಂಕಿನಲ್ಲಿದ್ದು ಅವಧಿಗೆ ಮೊದಲೇ ರಿಟೈರ್‌ಮೆಂಟ್ ತೆಗೆದುಕೊಂಡವರು, ಸಂಬಂಧದಲ್ಲಿ ಬೇಬಿಯಕ್ಕನಿಗೆ ಅಣ್ಣನಾಗಬೇಕು. ಬೇಬಿಯಕ್ಕನ ಕೆಲಸ ಏನೆಂದು ಕೇಳಿ, "ಮನೆಯವಳೇ ಉಂಟಲ್ಲ, ನಮ್ಮ ವಂಶವೃಕ್ಷ ನೀನೇ ಬರಿ" ಎಂದರು.

ಮನೆಯವಳೇ! ಬೇಬಿಯಕ್ಕ ಆ ಎರಡು ತಿಂಗಳು ಹೇಗಿದ್ದರೆಂದು ನಾನು ಕಣ್ಣಾರೆ ನೋಡಿದ್ದೇನೆ. ಆದಿತ್ಯವಾರ ಕಾರ್ಕಳಕ್ಕೆ ಹೋಗಿ ಯಾರೋ ಮುದುಕಿಯಿಂದ ನಾಲ್ಕು ಹೆಸರು ತರುವುದು, ಮುಂಬಯಿಗೆ ಫೋನ್ ಮಾಡಿ ಸತ್ತ ಮಗುವಿನ ಹೆಸರು ಕೇಳುವುದು. ಇನ್ನೂರಕ್ಕೂ ಹೆಚ್ಚು ಚೌಕಗಳಾದವು. ದೂಮಕ್ಕನ ಕೆಳಗಿನವು, ದೂಮಕ್ಕನನ್ನೂ ಸೇರಿಸಿ, ನಲವತ್ತೊಂದು. ಎಲ್ಲವೂ ಗಟ್ಟಿ ಗೆರೆಯಲ್ಲಿ, ಒಂದೇ ದಪ್ಪದಲ್ಲಿ. ಫ್ಲಾಪಿ ಉಡುಪಿಯ ಪ್ರೆಸ್ಸಿಗೆ ಹೋಯಿತು, ಕರಡು ಪ್ರತಿ ಕಮಿಟಿಗೆ ಹೋಯಿತು.

ಪ್ರವೇಶದ ಹಿಂದಿನ ಗುರುವಾರ ಬೆಳಿಗ್ಗೆ ಕಮಿಟಿಯಿಂದ ಶೇಖರಣ್ಣ ವಾಪಸ್ಸು ಬಂದರು, ಹಾಳೆಯ ಬಲಗಡೆ ಕೆಂಪು ಪೆನ್ನಿನಿಂದ ಒಂದು ದೊಡ್ಡ ಸುತ್ತು.

"ಇಷ್ಟು ಚುಕ್ಕಿ ಗೆರೆ ಮಾಡು."

"ಯಾಕೆ?"

"ಹಿರಿಯರು ಹೇಳಿದ್ರು. ದೂಮಜ್ಜಿಯ ಕಡೆಯವರು ಉಂಟು, ಆದ್ರೆ ಕುಟುಂಬದ ಲೆಕ್ಕಕ್ಕೆ ಇಲ್ಲ ಅಂತ ನೋಡಿದವರಿಗೆ ಗೊತ್ತಾಗ್ಬೇಕಲ್ಲ? ಆದಿತ್ಯವಾರ ದೈವದ ಎದುರು ಪ್ರಸಾದಕ್ಕೆ ಹೆಸರು ಕರೀಲಿಕ್ಕೆ ಉಂಟು, ಊಟಕ್ಕೆ ಪಂಕ್ತಿ ಉಂಟು. ಈ ಹಾಳೆ ನೋಡಿಯೇ ಕರೆಯುವುದು. ಗೊಂದಲ ಬೇಡ."

"ಸೇರಿಸಿ ಅಂತ ಪ್ರಶ್ನೆಯಲ್ಲಿ ಬಂದದ್ದು ಅಲ್ವಾ ಶೇಖರಣ್ಣ?"

"ಸೇರಿಸಿದ್ದೇವಲ್ಲ ಮಾರಾಯ್ತಿ! ಗೆರೆ ಯಾವುದು ಅಂತ ಪ್ರಶ್ನೆಯಲ್ಲಿ ಬರಲಿಲ್ಲ."

ಇದನ್ನೆಲ್ಲ ಬೇಬಿಯಕ್ಕ ನನಗೆ ಹೇಳಿದ್ದು ಆಮೇಲೆ. ಆ ಗುರುವಾರ ನನಗೆ ಅಜ್ಜಿಯ ಕತೆಯಾಗಲಿ ಚುಕ್ಕಿ ಗೆರೆಯ ಅರ್ಥವಾಗಲಿ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದನ್ನು ನಾನು ತುಂಬ ಸಲ ಹೇಳಿಕೊಂಡಿದ್ದೇನೆ, ಅದರಿಂದ ಏನೂ ಪ್ರಯೋಜನವಾಗಲಿಲ್ಲ.

ಗುರುವಾರ ಸಂಜೆ ನಾಲ್ಕಕ್ಕೆ ಪ್ರೆಸ್ಸಿನವರು ಆ ಹಾಳೆಯ ಅಚ್ಚಿನ ಪ್ಲೇಟ್ ಮಾಡುವವರಿದ್ದರು. ತಿದ್ದಿದ ಫ್ಲಾಪಿ ಅಷ್ಟರೊಳಗೆ ಬಂದರೆ ಸರಿ, ಇಲ್ಲದಿದ್ದರೆ ಅವರ ಹತ್ತಿರ ಮೊದಲೇ ಇದ್ದದ್ದು, ಎಂದರೆ ಎಲ್ಲ ಗಟ್ಟಿ ಗೆರೆಯದ್ದೇ, ಅಚ್ಚಾಗುತ್ತಿತ್ತು. ಆದಿತ್ಯವಾರ ಪ್ರವೇಶ, ಮತ್ತೆ ಅಚ್ಚು ಹಾಕಲು ಸಮಯವೇ ಇಲ್ಲ. ಬೇಬಿಯಕ್ಕ ಆಗುವುದಿಲ್ಲ ಎನ್ನಲಿಲ್ಲ. ಆಗುವುದಿಲ್ಲ ಎಂದರೆ ಶೇಖರಣ್ಣ ಫ್ಲಾಪಿ ತೆಗೆದುಕೊಂಡು ಬೇರೆ ಅಂಗಡಿಗೆ ಹೋಗುತ್ತಾರೆ. "ಮಾಡುವಾ, ಆದ್ರೆ ಒಂದೊಂದೇ ಮಾಡ್ಬೇಕು, ನಿಧಾನ ಆಗ್ತದೆ" ಎಂದರು. ಅಷ್ಟೇ ಅವರ ಉಪಾಯ: ಮೂರೂವರೆಯವರೆಗೆ ನಿಧಾನವಾಗಿ ಇರುವುದು, ಅದು ದಾಟಿದರೆ ಶೇಖರಣ್ಣ ಸ್ಕೂಟರು ಎಷ್ಟು ಓಡಿಸಿದರೂ ಪ್ರೆಸ್ಸು ಸಿಗುವುದಿಲ್ಲ. ಅಮ್ಮನ ಹೆಸರು ಗಟ್ಟಿ ಗೆರೆಯಲ್ಲಿ ಗೋಡೆಗೆ ಹತ್ತಿಬಿಟ್ಟರೆ ಆಮೇಲೆ ಇಳಿಸುವವರು ಯಾರು?

ಶೇಖರಣ್ಣನೂ ಬುದ್ಧಿವಂತರೇ. ಹನ್ನೊಂದಕ್ಕೆ ಬಂದವರು ಹೋಗದೆ ಪಕ್ಕದಲ್ಲೇ ಸ್ಟೂಲು ಹಾಕಿ ಕೂತರು. ಆದರೆ ಅವರಿಗೆ ಕಂಪ್ಯೂಟರ್ ಗೊತ್ತಿಲ್ಲ, ಬ್ಯಾಂಕಿಗೆ ಕಂಪ್ಯೂಟರ್ ಬರುವ ಹೊತ್ತಿಗೇ ಬಿಟ್ಟವರು. ಬೇಬಿಯಕ್ಕ ಒಂದು ಚೌಕವನ್ನು ಸ್ಕ್ರೀನ್ ತುಂಬ ದೊಡ್ಡ ಮಾಡುವುದು, ಅದನ್ನು ಒತ್ತುವುದು, ಫಾರ್ಮ್ಯಾಟ್‌ಗೆ ಹೋಗಿ ಲೈನ್ ತೆರೆಯುವುದು, ಇಪ್ಪತ್ತು ಥರದ ಚುಕ್ಕಿಗಳನ್ನು ತೋರಿಸಿ "ಇದಾ ಶೇಖರಣ್ಣ, ಅಲ್ಲ ಇದಾ?" ಎಂದು ಕೇಳುವುದು, ಸೇವ್ ಮಾಡುವುದು, ಸಣ್ಣ ಮಾಡುವುದು, ಗಾಜಿಗೆ ಸ್ಕೇಲು ಇಟ್ಟು ನೋಡುವುದು. ನಡುವೆ ಒಂದು ಗಂಟೆ ಕರೆಂಟೂ ಹೋಯಿತು, ದೇವರೇ ತೆಗೆದ ಹಾಗೆ. ಆಲ್ಫೋನ್ಸ್ ಮುಂದುಗಡೆ ಪರೀಕ್ಷೆಯ ರಶ್ಶಿನಲ್ಲಿ ಝೆರಾಕ್ಸ್ ತೆಗೆಯುತ್ತಿದ್ದರು, ಒಳಗೆ ಇಣುಕಲೂ ಆಗಲಿಲ್ಲ. ಮೂರು ಗಂಟೆಗೆ ಒಂಬತ್ತು ಚೌಕ ಆಗಿತ್ತು, ಮೂವತ್ತೆರಡು ಬಾಕಿ. ಅಮ್ಮನ ಚೌಕವನ್ನು ಮುಟ್ಟಿರಲೇ ಇಲ್ಲ.

"ಬ್ಯಾಂಕಿನಲ್ಲಿ ಲೆಡ್ಜರ್ ಕೈಯಲ್ಲಿ ಬರೆಯುವಾಗ ಇದಕ್ಕಿಂತ ಬೇಗ ಆಗ್ತಿತ್ತು" ಎಂದರಂತೆ ಶೇಖರಣ್ಣ.

"ಕಂಪ್ಯೂಟರ್ ಅಂದ್ರೆ ಹಾಗೆಯೇ, ಹೊರಗಿನವರಿಗೆ ಬೇಗ ಕಾಣ್ತದೆ" ಎಂದರಂತೆ ಬೇಬಿಯಕ್ಕ.

ಮೂರು ಹತ್ತಕ್ಕೆ ನಾನು ಬಂದೆ.

ನಾನು ಹೇಗೆ ಬಂದೆ ಎಂದರೆ, ಓಡಿಕೊಂಡು ಬಂದೆ, ಲ್ಯಾಬು ತಪ್ಪಿಸಿ ಬಂದೆ! ಹಿಂದಿನ ದಿನವಷ್ಟೇ ನಮ್ಮ ಸೀನಿಯರ್ ಒಬ್ಬ ಅದೇ ಸಾಫ್ಟ್‌ವೇರಿನಲ್ಲಿ ನನಗೊಂದು ತೋರಿಸಿದ್ದ: ಮೌಸ್ ಒತ್ತಿ ಹಿಡಿದು ಮೂಲೆಯಿಂದ ಮೂಲೆಗೆ ಎಳೆದರೆ ಒಳಗೆ ಸಿಕ್ಕಿದ ಎಲ್ಲ ಚೌಕಗಳೂ ಒಟ್ಟಿಗೆ ಆಯ್ಕೆಯಾಗುತ್ತವೆ, ಶಿಫ್ಟ್ ಒತ್ತಿಕೊಂಡು ಇನ್ನೂ ಬೇಕಾದ್ದನ್ನು ಸೇರಿಸಬಹುದು, ಆಮೇಲೆ ಬಣ್ಣವೋ ಗೆರೆಯೋ ಅಕ್ಷರವೋ ಒಂದಕ್ಕೆ ಹೇಳಿದರೆ ಎಲ್ಲದಕ್ಕೂ ಹೇಳಿದ ಹಾಗೆ. ನನ್ನ ಪ್ರಾಜೆಕ್ಟಿನ ಅರವತ್ತು ಚೌಕಗಳು ಒಂದು ಕ್ಷಣದಲ್ಲಿ ನೀಲಿಯಾದದ್ದು ನೋಡಿ ನಾನು ಕುರ್ಚಿಯಿಂದ ಎದ್ದು ಕುಣಿದಿದ್ದೆ. ಬೇಬಿಯಕ್ಕನಿಗೆ ತೋರಿಸಬೇಕು, ಪಾಪ ಒಂದೊಂದೇ ಮುಟ್ಟುತ್ತಾ ಕೂರುತ್ತಾರೆ ಎಂದು ಅದೇ ಯೋಚನೆ.

ಒಳಗೆ ಹೋದರೆ ಸರಿಯಾಗಿ ಅದನ್ನೇ ಮಾಡುತ್ತಿದ್ದಾರೆ. ಹೀಗೂ ಒಂದು ಯೋಗ ಇರುತ್ತದಾ ಎಂದುಕೊಂಡೆ!

"ಅಯ್ಯೋ ಬೇಬಿಯಕ್ಕ, ಒಂದೊಂದೇ ಯಾಕೆ ಮಾಡ್ತೀರಿ? ಇಲ್ಲಿ ನೋಡಿ, ಇಲ್ಲಿ ನೋಡಿ!"

"ಬೆಂಜಾ, ನಿಂದು ನಾಳೆ ಮಾಡುವಾ. ಈಗ ಹೊರಗೆ ಹೋಗು" ಎಂದರು ಅವರು.

"ನಂದಲ್ಲ ಅಕ್ಕ, ನಿಮ್ಮದೇ! ಒಂದು ನಿಮಿಷ, ಮೌಸ್ ಕೊಡಿ."

"ಬೇಡ ಅಂದೆ ಅಲ್ವಾ."

"ಯಾರು ಈ ಹುಡುಗ?" ಎಂದರು ಶೇಖರಣ್ಣ.

"ಬೆಂಜಮಿನ್ ಸಾರ್, ಇಂಜಿನಿಯರಿಂಗ್" ಎಂದೆ. "ಈ ಕೆಂಪು ಸುತ್ತಿನ ಒಳಗಿನದ್ದೆಲ್ಲ ಚುಕ್ಕಿ ಆಗ್ಬೇಕಾ? ಅಷ್ಟೇನಾ?"

"ಅಷ್ಟೇ. ನಿನಗೆ ಬರ್ತದಾ?"

ಬೇಬಿಯಕ್ಕ ಮೌಸ್ ಮೇಲೆ ಕೈ ಇಟ್ಟುಕೊಂಡಿದ್ದರು. ನಾನು ಆ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟೆ. ನಗುತ್ತಾ ಇಟ್ಟೆ, ಅಮ್ಮನ ಕೈಯಿಂದ ಚಾಕು ತೆಗೆದುಕೊಂಡು ತರಕಾರಿ ನಾನೇ ಹೆಚ್ಚುತ್ತೇನೆ ಎನ್ನುವ ಹಾಗೆ. ಎಳೆದೆ, ಮೂವತ್ತೆರಡೂ ಹಸಿರು ಅಂಚು ಹೊತ್ತುಕೊಂಡು ಎದ್ದವು. ಫಾರ್ಮ್ಯಾಟ್, ಲೈನ್, ಚುಕ್ಕಿ, ಓಕೆ. ಬೇಬಿಯಕ್ಕನ ಅಮ್ಮ, ಚಿಕ್ಕಮ್ಮಂದಿರು, ಅವರ ಮಕ್ಕಳು, ಬೇಬಿ, ಎಲ್ಲ ಒಟ್ಟಿಗೆ ಚುಕ್ಕಿಯಾಗಿ ಹೋದರು.

"ನೋಡಿದ್ರಾ!" ಎಂದೆ.

ಶೇಖರಣ್ಣ ಗಡಿಯಾರ ನೋಡಿದರು, ಸ್ಕ್ರೀನ್ ನೋಡಿದರು, ಆಮೇಲೆ ಬೇಬಿಯಕ್ಕನನ್ನು ತುಂಬ ಹೊತ್ತು ನೋಡಿದರು.

"ಇಷ್ಟೇನಾ ಕೆಲಸ? ಬೆಳಿಗ್ಗೆಯಿಂದ ನನ್ನನ್ನು ಕೂರಿಸಿ ಎಂತ ಮಾಡ್ತಾ ಇದ್ದೆ ನೀನು?"

ಬೇಬಿಯಕ್ಕ ಮರದ ಸ್ಕೇಲನ್ನು ಎತ್ತಿ ಬದಿಗಿಟ್ಟರು.

"ನನಗೆ ಅರ್ಥ ಆಗುದಿಲ್ಲ ಅಂತ ಎಣಿಸಬೇಡ ಬೇಬಿ. ಅಜ್ಜಿಯ ಬುದ್ಧಿಯೇ ಬಂದದ್ದು, ಹೇಳದೆ ಕೇಳದೆ ಮಾಡುವುದು."

ಆಗ ಬೇಬಿಯಕ್ಕ ನನ್ನನ್ನು ಮೊಣಕೈಯಿಂದ ದೂಡಿ ಕೀಬೋರ್ಡ್ ಎಳೆದುಕೊಂಡರು. ನಾನು ಎಳೆದ ಮೂವತ್ತೆರಡೂ ಚೌಕಗಳು ಇನ್ನೂ ಆಯ್ಕೆಯಾಗಿಯೇ ಇದ್ದವು. ಶಿಫ್ಟ್ ಒತ್ತಿ ಹಿಡಿದು ಹಿಂದೆ ಮುಗಿದ ಒಂಬತ್ತನ್ನೂ ಟಕಟಕ ಸೇರಿಸಿದರು. ನಾನು ಕಲಿಸಲು ಬಂದದ್ದು ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆಂದು ನನಗೆ ಗೊತ್ತಾದದ್ದು ಆ ಬೆರಳುಗಳ ವೇಗ ನೋಡಿ. ಡಿಲೀಟ್ ಒತ್ತಿದರು. ಹಾಳೆಯ ಬಲಗಡೆ ಬರಿ ಬಿಳಿ.

"ಏ! ಎಂತ ಮಾಡಿದ್ದು!" ಶೇಖರಣ್ಣ ಸ್ಟೂಲಿನಿಂದ ಎದ್ದೇಬಿಟ್ಟರು.

"ಅರ್ಧ ಸೇರಿಸುವುದು ಬೇಡ. ನಾವು ಇಲ್ಲ ಅಂತಲೇ ಬರೀರಿ. ಪ್ರಶ್ನೆಯಲ್ಲಿ ಮತ್ತೆ ಬಂದ್ರೆ ಜೋಯಿಸರಿಗೆ ನೀವೇ ಉತ್ತರ ಕೊಡಿ."

ಶೇಖರಣ್ಣನ ಮುಖ ಬಿಳಿಚಿತು. ಮೂರು ಇಪ್ಪತ್ತು. ಆ ಹೆಸರುಗಳಿಲ್ಲದ ಹಾಳೆಯನ್ನು ಗೋಡೆಗೆ ಹಾಕುವ ಧೈರ್ಯ ಅವರಿಗೂ ಇರಲಿಲ್ಲ, ಗಟ್ಟಿ ಗೆರೆ ಹಾಕಿಸಿಕೊಂಡು ಕಮಿಟಿಯ ಎದುರು ಹೋಗುವ ಧೈರ್ಯವೂ ಇರಲಿಲ್ಲ. ಒಂದು ಕ್ಷಣ ಬೇಬಿಯಕ್ಕ ಗೆದ್ದಿದ್ದರು. ಆಗ ಶೇಖರಣ್ಣ ನನ್ನ ಕಡೆ ತಿರುಗಿದರು.

"ಹುಡುಗಾ, ಹೋದದ್ದು ವಾಪಸ್ಸು ತರ್ಲಿಕ್ಕೆ ಆಗ್ತದಾ?"

"ಓ ಆಗ್ತದೆ ಸಾರ್, ಕಂಟ್ರೋಲ್ ಝಡ್!" ಎಂದೆ.

ಯಾರೋ ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ಕೈ ಎತ್ತಿದ ಹಾಗೆ. ಎದುರಿಗೆ ಒಬ್ಬರು ಅಳುವ ಮುಖದಲ್ಲಿ ಕೂತಿದ್ದಾರೆ, ಇಲ್ಲಿ ಏನೋ ಆಗಬಾರದ್ದು ಆಗುತ್ತಿದೆ ಎಂದು ಅಷ್ಟರಲ್ಲಿ ನನಗೆ ತಿಳಿಯಬೇಕಿತ್ತು, ಸ್ವಲ್ಪ ತಿಳಿದೂ ಇತ್ತು. ಆದರೂ ಉತ್ತರ ಗೊತ್ತಿತ್ತಲ್ಲ, ಬಾಯಿಗೆ ಬಂದುಬಿಟ್ಟಿತು. ಶೇಖರಣ್ಣ "ಒತ್ತು" ಎಂದರು. ಬೇಬಿಯಕ್ಕ ತಡೆಯಲಿಲ್ಲ, ಕುರ್ಚಿಯನ್ನೇ ಹಿಂದಕ್ಕೆ ತಳ್ಳಿ ಜಾಗ ಬಿಟ್ಟರು. ಒತ್ತಿದೆ. ನಲವತ್ತೊಂದು ಚುಕ್ಕಿ ಚೌಕಗಳೂ ಇದ್ದ ಜಾಗಕ್ಕೇ ಬಂದು ಕೂತವು. ಫ್ಲಾಪಿಗೆ ಹಾಕಿ ಕೊಟ್ಟೆ. ಶೇಖರಣ್ಣ ನನ್ನ ಬೆನ್ನು ತಟ್ಟಿ ಸ್ಕೂಟರು ಹತ್ತಿದರು, ಪ್ರೆಸ್ಸು ಸಿಕ್ಕಿತು.

ಅವರು ಹೋದ ಮೇಲೆ ಬೇಬಿಯಕ್ಕ ನನಗೆ ಎಲ್ಲ ಹೇಳಿದರು, ಬದುವಿನಲ್ಲಿ ನಿಂತ ಅಜ್ಜಿಯಿಂದ ಹಿಡಿದು. ದನಿ ಏರಿಸಲಿಲ್ಲ. ನಾನು "ನನಗೆ ಗೊತ್ತಿರಲಿಲ್ಲ ಅಕ್ಕ" ಎಂದೆ.

"ಗೊತ್ತಿರಲಿಲ್ಲ, ಸರಿ. ಹೊರಗೆ ಹೋಗು ಅಂದದ್ದು ಕೇಳಿಸಿತ್ತು ಅಲ್ವಾ? ಗೊತ್ತಿದ್ರೂ ನಿಲ್ಲಿಸ್ತಿದ್ದಿಯಾ ಅಂತ ನನಗೆ ಡೌಟುಂಟು. ಅಷ್ಟು ಖುಷಿ ಇತ್ತು ನಿನ್ನ ಮುಖದಲ್ಲಿ."

ಅಷ್ಟರಲ್ಲಿ ಆಲ್ಫೋನ್ಸ್ ಒಳಗೆ ಬಂದರು. ಅವರಿಗೆ ಶೇಖರಣ್ಣ ಹೋಗುವಾಗ ಹೇಳಿಹೋಗಿದ್ದರು. "ಎಂತ ಬೇಬಿಬಾಯಿ, ಐದು ನಿಮಿಷದ ಕೆಲಸವನ್ನು ದಿನವಿಡೀ ಮಾಡಿದ್ರಂತೆ? ಗಿರಾಕಿ ನನಗೆ ಬೈದು ಹೋದ್ರು. ನಮ್ಮ ಬೆಂಜನ ಹತ್ತಿರ ಸ್ವಲ್ಪ ಕಲ್ತುಕೊಳ್ಳಿ." ಬೇಬಿಯಕ್ಕ "ಆಯ್ತು" ಎಂದರು.

ಆದಿತ್ಯವಾರ ಅವರು ಹೋಗುವುದಿಲ್ಲವೆಂದೇ ಇದ್ದರು. ಅಮ್ಮ ಬಿಡಲಿಲ್ಲ. ಎಪ್ಪತ್ತು ವರ್ಷ ಕಾದವರು, ಪೆಟ್ಟಿಗೆಯಲ್ಲಿದ್ದ ಸೀರೆ ಮೂರು ದಿನ ಮೊದಲೇ ಬಿಸಿಲಿಗೆ ಹಾಕಿದ್ದರು. ಗೆರೆಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಹಿರಿಯಡ್ಕದಲ್ಲಿ ಏನಾಯಿತೆಂದು ಸೋಮವಾರ ಬೇಬಿಯಕ್ಕನೇ ಹೇಳಿದರು, ನನ್ನ ಪ್ರಾಜೆಕ್ಟಿನ ಚೌಕಗಳನ್ನು ಒಟ್ಟಿಗೆ ಹಿಡಿದು ಜರುಗಿಸುತ್ತಾ, ನನ್ನ ಕಡೆ ತಿರುಗದೆ. ಪ್ರಸಾದಕ್ಕೆ ಹಾಳೆ ನೋಡಿ ಹೆಸರು ಕರೆದರಂತೆ, ಚುಕ್ಕಿಯವರನ್ನು ಕರೆಯಲಿಲ್ಲ. ಊಟಕ್ಕೆ ಚಾವಡಿಯಲ್ಲಿ ಕುಟುಂಬದವರು, ಹೊರಗೆ ಶಾಮಿಯಾನದ ಕೆಳಗೆ ನೆಂಟರ ಜೊತೆ ಇವರು. ಊಟವಾದ ಮೇಲೆ ಶೇಖರಣ್ಣನ ತಂಗಿ ಕುಶಲಾ ಅಮ್ಮನ ಕೈಹಿಡಿದು ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ಹೆಸರು ತೋರಿಸಿದರು. ಅಮ್ಮ ಕನ್ನಡಕ ಹಾಕಿ ಓದಿದರು.

"ನಮ್ಮದು ಯಾಕೆ ಹೀಗೆ ತುಂಡು ತುಂಡು?" ಎಂದು ಕೇಳಿದರಂತೆ.

"ಅದು ನಿಮ್ಮ ಕಡೆಯವರು ಅಂತ ಗುರುತಿಗೆ ದೊಡ್ಡಮ್ಮ" ಎಂದರಂತೆ ಕುಶಲಾ.

ಅಮ್ಮ ಅಳುತ್ತಾರೆ ಎಂದು ಬೇಬಿಯಕ್ಕ ಹತ್ತಿರ ಹೋದರು. ಬೈದರೆ ತಾನೂ ನಾಲ್ಕು ಮಾತು ಬೈಯಬೇಕೆಂದೇ ಸೆರಗು ಬಿಗಿ ಮಾಡಿಕೊಂಡಿದ್ದರು. ಅಮ್ಮ ಅಳಲಿಲ್ಲ, ಬೈಯಲೂ ಇಲ್ಲ. ದೂಮಕ್ಕ ಎಂದು ಬರೆದಲ್ಲಿ ಗಾಜಿನ ಮೇಲೆ ಬೆರಳಿಟ್ಟು, ಕುಶಲಾಳ ಕಡೆ ತಿರುಗಿ ನಕ್ಕರು.

"ಹೆಸರು ಹಾಕಿದ್ದೀರಲ್ಲ ಮಗಾ, ಸಾಕು. ಇಷ್ಟಾದ್ರೂ ಮಾಡಿದ್ರಿ" ಎಂದರು. ಬರುವಾಗ ಶೇಖರಣ್ಣನಿಗೂ ಕೈಮುಗಿದು ಬಂದರು.

"ಸಾಕು ಅಂದ್ರು ಬೆಂಜಾ" ಎಂದರು ಬೇಬಿಯಕ್ಕ. "ಒಂದೊಂದು ಗೆರೆಗೆ ನಾನು ಅಲ್ಲಿ ಹೋರಾಡ್ತಾ ಕೂತದ್ದು, ಅವರು ಸಾಕು ಅಂದ್ರು. ಬಸ್ಸಿನಲ್ಲಿ ದಾರಿಯಿಡೀ ಎಷ್ಟು ಒಳ್ಳೆಯ ಜನ ಅಂತ ಅದನ್ನೇ ಹೇಳಿದ್ರು. ನಾನು ಹೂಂ ಹೂಂ ಅಂದೆ."

ಆಮೇಲೆ ನನ್ನ ಚಿತ್ರವನ್ನು ಪ್ರಿಂಟಿಗೆ ಕಳಿಸಿ, ಹಾಳೆ ಹೊರಗೆ ಬರುವವರೆಗೆ ಕಾಯದೆ, ಊಟದ ಡಬ್ಬಿ ತೊಳೆಯಲು ಹಿಂದಿನ ಬಾಗಿಲಿಗೆ ಹೋದರು.